ಅಪ್ಪ-ಅಮ್ಮನಿಂದ ಮಗುವಿಗೆ ಏನು ಬರುತ್ತೆ, ಹೇಗೆ ಬರುತ್ತೆ? ಪೆನ್ನು, ಹಾಳೆ, ಎರಡು ನಾಣ್ಯ ಹಿಡಿದು ಕಲಿಯುವ ಸಮಗ್ರ ಮಾರ್ಗದರ್ಶಿ

ಅಪ್ಪನ ರಕ್ತದ ಗುಂಪು ಎ. ಅಮ್ಮನದೂ ಎ. ಮಗುವಿನ ರಿಪೋರ್ಟ್ ಬಂತು, ನೋಡಿದರೆ ಓ! ಮನೆಯಲ್ಲಿ ಎಲ್ಲರೂ ಒಂದು ಗಳಿಗೆ ಸುಮ್ಮನಾಗಿಬಿಡುತ್ತಾರೆ. ಲ್ಯಾಬ್‌ನವರು ತಪ್ಪು ಮಾಡಿದರಾ? ಮಗು ಅದಲುಬದಲಾಯಿತಾ? ಕೆಲವು ಕಡೆ ಇದಕ್ಕಿಂತ ಕೆಟ್ಟ ಅನುಮಾನವೂ ತಲೆ ಎತ್ತುತ್ತದೆ, ಅದನ್ನು ಹೊರುವವಳು ತಾಯಿ.

ಇಲ್ಲಿ ಯಾರದೂ ತಪ್ಪಿಲ್ಲ. ಎ ಗುಂಪಿನ ಇಬ್ಬರಿಗೆ ಓ ಗುಂಪಿನ ಮಗು ಹುಟ್ಟುವುದು ತೀರಾ ಸಹಜ. ಅದು ಯಾಕೆ ಅಂತ ನಾನು ಹೇಳಿ ನೀವು ನಂಬುವುದಕ್ಕಿಂತ, ನೀವೇ ಲೆಕ್ಕ ಹಾಕಿ ಕಂಡುಕೊಂಡರೆ ಚೆನ್ನ. ಅದಕ್ಕೇ ಈ ಮಾರ್ಗದರ್ಶಿ. ಒಂದು ಪೆನ್ನು, ನಾಲ್ಕೈದು ಹಾಳೆ, ಎರಡು ನಾಣ್ಯ ಹತ್ತಿರ ಇಟ್ಟುಕೊಳ್ಳಿ.

ಹಾಳೆಯ ಮೇಲೆ ಮೊದಲು ಈ ಮಾತು ಬರೆದುಕೊಳ್ಳಿ: ಒಂದೊಂದು ಜೀನ್‌ಗೂ ನಮ್ಮಲ್ಲಿ ಎರಡೆರಡು ಪ್ರತಿ ಇವೆ; ಮಗುವಿಗೆ ಅದರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ; ಯಾವುದನ್ನು ಕೊಡುತ್ತೇವೆ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ತಳಿಶಾಸ್ತ್ರದ ಬಹುಪಾಲು ಈ ಮೂರು ತುಂಡುಗಳ ವಿಸ್ತಾರ. (ಜೀನ್ ಅಂದರೆ ಮೈಯ ಒಂದು ಕೆಲಸಕ್ಕೆ ಬೇಕಾದ ಸೂಚನೆ, ವಿವರ ಹಂತ 2ರಲ್ಲಿದೆ.) ಎಲ್ಲಿ ಗೊಂದಲವಾದರೂ ಇಲ್ಲಿಗೇ ಮರಳಿ ಬನ್ನಿ.

ಹಂತ 1: ಡಿಎನ್‌ಎಯನ್ನು ಕಣ್ಣಾರೆ ನೋಡಿ

ಪುಸ್ತಕದ ಚಿತ್ರದಲ್ಲಿ ಡಿಎನ್‌ಎ ಬಣ್ಣಬಣ್ಣದ ತಿರುಚಿದ ಏಣಿ. ಅದನ್ನೇ ನೋಡಿ ನೋಡಿ ಇದು ಎಲ್ಲೋ ಪ್ರಯೋಗಾಲಯದಲ್ಲಿರುವ ವಸ್ತು ಅನಿಸಿಬಿಡುತ್ತೆ. ನಿಮ್ಮ ಬಾಯಲ್ಲೇ ಇದೆ, ಹೊರಗೆ ತೆಗೆದು ನೋಡಬಹುದು.

ಅರ್ಧ ಲೋಟ ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ. ಒಂದು ಗುಟುಕನ್ನು ಬಾಯಿಗೆ ಹಾಕಿಕೊಂಡು ಒಂದು ನಿಮಿಷ ಜೋರಾಗಿ ಮುಕ್ಕಳಿಸಿ, ಕೆನ್ನೆಯ ಒಳಭಾಗಕ್ಕೆ ಉಜ್ಜುವ ಹಾಗೆ. ಅದನ್ನು ಸ್ವಚ್ಛವಾದ ಗಾಜಿನ ಲೋಟಕ್ಕೆ ಉಗುಳಿ. ಕೆನ್ನೆಯಿಂದ ಕಿತ್ತುಬಂದ ಸಾವಿರಾರು ಜೀವಕೋಶಗಳು ಈಗ ಆ ನೀರಿನಲ್ಲಿವೆ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ನೊರೆ ಬರದ ಹಾಗೆ ನಿಧಾನವಾಗಿ ಅಲ್ಲಾಡಿಸಿ. ಜೀವಕೋಶದ ಹೊರಪದರ ಕೊಬ್ಬಿನಿಂದ ಆಗಿದ್ದು. ಜಿಡ್ಡನ್ನು ಬಿಡಿಸುವ ಸೋಪು ಆ ಪದರವನ್ನೂ ಒಡೆಯುತ್ತದೆ, ಒಳಗಿದ್ದ ಡಿಎನ್‌ಎ ನೀರಿಗೆ ಬರುತ್ತದೆ.

ಈಗ ಫ್ರೀಜರ್‌ನಲ್ಲಿಟ್ಟು ತಣ್ಣಗಾದ ಸರ್ಜಿಕಲ್ ಸ್ಪಿರಿಟ್ ತೆಗೆದುಕೊಳ್ಳಿ. ಲೋಟವನ್ನು ವಾರೆಯಾಗಿ ಹಿಡಿದು, ಒಳಗೋಡೆಯ ಮೇಲೆ ಮೆಲ್ಲಗೆ ಇಳಿಬಿಡಿ. ಅವಸರ ಬೇಡ. ಸ್ಪಿರಿಟ್ ಹಗುರ, ಮೇಲೆ ಬೇರೆ ಪದರವಾಗಿ ನಿಲ್ಲಬೇಕು. ಐದು ನಿಮಿಷ ಅಲ್ಲಾಡಿಸದೆ ಬಿಡಿ. ಎರಡು ಪದರ ಸೇರುವ ಕಡೆ ಬಿಳಿ ನೂಲಿನಂಥದ್ದು ಮೇಲೇಳುತ್ತದೆ, ಸಣ್ಣ ಗುಳ್ಳೆಗಳು ಅಲ್ಲಲ್ಲಿ ಸಿಕ್ಕಿಕೊಂಡಿರುತ್ತವೆ. ಅದೇ ನಿಮ್ಮ ಡಿಎನ್‌ಎ, ಜೊತೆಗೆ ಸ್ವಲ್ಪ ಪ್ರೋಟೀನ್ ಅಂಟಿಕೊಂಡಿರುತ್ತದೆ. ಸ್ಪಿರಿಟ್‌ಗೆ ಬೆಂಕಿ ತಾಗಬಾರದು, ಬಾಯಿಗೂ ಹೋಗಬಾರದು. ಮಕ್ಕಳು ಮಾಡುವಾಗ ದೊಡ್ಡವರು ಪಕ್ಕದಲ್ಲೇ ಇರಿ.

ಹಂತ 2: ಡಿಎನ್‌ಎ, ಜೀನ್, ವರ್ಣತಂತು ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿ

ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. ಮೂರೂ ಒಂದೇ ವಸ್ತುವನ್ನು ಬೇರೆ ಬೇರೆ ದೂರದಿಂದ ನೋಡಿದಾಗ ಬರುವ ಹೆಸರುಗಳು.

ಡಿಎನ್‌ಎ ಒಂದು ಉದ್ದನೆಯ ದಾರ. ಅದರ ಮೇಲೆ ನಾಲ್ಕೇ ಅಕ್ಷರಗಳಲ್ಲಿ ಬರಹವಿದೆ: ಎ, ಟಿ, ಜಿ, ಸಿ. ಎ ಎದುರಿಗೆ ಯಾವಾಗಲೂ ಟಿ, ಜಿ ಎದುರಿಗೆ ಯಾವಾಗಲೂ ಸಿ. ಹಾಗಾಗಿ ಒಂದು ಎಳೆ ಗೊತ್ತಿದ್ದರೆ ಇನ್ನೊಂದನ್ನು ಬರೆದುಬಿಡಬಹುದು. ಜೀವಕೋಶ ತನ್ನ ನಕಲು ಮಾಡಿಕೊಳ್ಳುವುದೂ ಹೀಗೇ: ಎರಡು ಎಳೆ ಬಿಚ್ಚುತ್ತವೆ, ಒಂದೊಂದರ ಎದುರಿಗೂ ಹೊಸ ಜೊತೆ ಕಟ್ಟಿಕೊಳ್ಳುತ್ತದೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಈ ರಚನೆಯನ್ನು ಪ್ರಕಟಿಸಿದರು. ಅದಕ್ಕೆ ಆಧಾರವಾದ ಎಕ್ಸ್-ರೇ ಚಿತ್ರಗಳ ಹಿಂದೆ ರೋಸಲಿಂಡ್ ಫ್ರಾಂಕ್ಲಿನ್ ಅವರ ದುಡಿಮೆ ಇತ್ತು. ಅವರ ಹೆಸರನ್ನು ಬಿಟ್ಟು ಈ ಕಥೆ ಹೇಳಬಾರದು.

ಆ ದಾರದ ಮೇಲಿನ ಒಂದು ತುಂಡು ಬರಹ, ಅಂದರೆ ಒಂದು ಕೆಲಸಕ್ಕೆ ಬೇಕಾದ ಸೂಚನೆ, ಅದು ಜೀನ್. ಕನ್ನಡದಲ್ಲಿ ವಂಶವಾಹಿ ಅಂತಲೂ ಕರೆಯುತ್ತೇವೆ. ಹೆಚ್ಚಿನ ಜೀನ್‌ಗಳು ಯಾವುದಾದರೊಂದು ಪ್ರೋಟೀನ್ ಮಾಡುವ ವಿಧಾನ ಹೇಳುತ್ತವೆ. ಮೂರು ಮೂರು ಅಕ್ಷರ ಸೇರಿದರೆ ಒಂದು ಪದ, ಒಂದು ಪದಕ್ಕೆ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಒಂದು ಇಟ್ಟಿಗೆ. ಈ ಭಾಷೆಯನ್ನು ಬಿಡಿಸಿ ಓದಿದ್ದಕ್ಕೆ 1968ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಹರಗೋವಿಂದ ಖುರಾನ ಒಬ್ಬರು.

ಇನ್ನು ವರ್ಣತಂತು, ಅಂದರೆ ಕ್ರೋಮೋಸೋಮ್. ಒಂದು ಜೀವಕೋಶದ ಡಿಎನ್‌ಎಯನ್ನೆಲ್ಲ ಬಿಡಿಸಿ ಸಾಲಾಗಿಟ್ಟರೆ ಸುಮಾರು 2 ಮೀಟರ್ ಆಗುತ್ತದೆ. ಅಷ್ಟು ಉದ್ದದ ದಾರ ಕೂರಬೇಕಾದ ಕೋಶಕೇಂದ್ರದ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಇಲ್ಲ. ಸುಮ್ನೆ ತುರುಕಿದರೆ ಗಂಟು ಬೀಳುತ್ತೆ. ಅದಕ್ಕೆ ಹಿಸ್ಟೋನ್ ಅನ್ನುವ ಪ್ರೋಟೀನ್ ಉಂಡೆಗಳ ಸುತ್ತ ದಾರ ಸುತ್ತಿಕೊಳ್ಳುತ್ತದೆ, ಆ ಸುತ್ತುಗಳು ಮತ್ತೆ ಮಡಚಿಕೊಳ್ಳುತ್ತವೆ. ಹಾಗೆ ಅಚ್ಚುಕಟ್ಟಾಗಿ ಸುತ್ತಿಟ್ಟ ಒಂದೊಂದು ದಾರವೂ ಒಂದೊಂದು ವರ್ಣತಂತು. ಬಣ್ಣ ಹಾಕಿದಾಗ ಅದನ್ನು ಚೆನ್ನಾಗಿ ಹೀರಿಕೊಂಡು ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತಿದ್ದುದರಿಂದ ಆ ಹೆಸರು ಬಂತು.

ಹಂತ 3: ಜೋಡಿಗಳನ್ನು ಎಣಿಸಿ

ಹಾಳೆಯ ಮೇಲೆ 23 ಜೊತೆ ಗೆರೆ ಎಳೆಯಿರಿ. ಪ್ರತಿ ಜೊತೆಯಲ್ಲಿ ಒಂದು ಗೆರೆ ನೀಲಿ, ಅಮ್ಮ ಕೊಟ್ಟಿದ್ದು; ಇನ್ನೊಂದು ಕೆಂಪು, ಅಪ್ಪ ಕೊಟ್ಟಿದ್ದು. ಒಟ್ಟು 46. ಎರಡೆರಡು ಪ್ರತಿ ಅಂದೆನಲ್ಲ, ಅದು ಬರುವುದು ಇಲ್ಲಿಂದಲೇ.

ಎಣಿಸುವುದು ಸುಲಭ ಅಂದುಕೊಳ್ಳಬೇಡಿ. ಮನುಷ್ಯನ ವರ್ಣತಂತುಗಳು 48 ಅಂತ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಪುಸ್ತಕಗಳಲ್ಲೇ ಇತ್ತು. ಜೋ ಹಿನ್ ಟಿಯೊ ಮತ್ತು ಆಲ್ಬರ್ಟ್ ಲೆವಾನ್ ಒಳ್ಳೆಯ ವಿಧಾನದಿಂದ ಮತ್ತೆ ಎಣಿಸಿ, 46 ಎಂದು 1956ರಲ್ಲಿ ಪ್ರಕಟಿಸಿದರು. ಸಂಖ್ಯೆ ಜಾಸ್ತಿ ಇದ್ದರೆ ಪ್ರಾಣಿ ಬುದ್ಧಿವಂತ ಅಂತೇನೂ ಇಲ್ಲ. ನಾಯಿಗೆ 78, ಹಣ್ಣಿನ ನೊಣಕ್ಕೆ 8, ಬಟಾಣಿ ಗಿಡಕ್ಕೆ 14.

ಹಂತ 4: ಅರ್ಧ ಮಾಡುವುದನ್ನು ಅರ್ಥ ಮಾಡಿಕೊಳ್ಳಿ

ಅಪ್ಪ 46, ಅಮ್ಮ 46 ಪೂರ್ತಿ ಕೊಟ್ಟರೆ ಮಗುವಿಗೆ 92 ಆಗಿಬಿಡುತ್ತೆ, ಅಲ್ವಾ? ಹಾಗಾಗದಂತೆ ಅಂಡಾಣು ಮತ್ತು ವೀರ್ಯಾಣು ತಯಾರಾಗುವಾಗ ಮಾತ್ರ ವಿಶೇಷವಾದ ವಿಭಜನೆ ನಡೆಯುತ್ತದೆ. ಅದರ ಹೆಸರು ಮಿಯಾಸಿಸ್. ಗಾಯ ಮಾಯುವಾಗ, ಮೈ ಬೆಳೆಯುವಾಗ ನಡೆಯುವ ಮಾಮೂಲಿ ವಿಭಜನೆ ಮೈಟಾಸಿಸ್, ಅಲ್ಲಿ 46 ಇದ್ದದ್ದು 46 ಆಗಿಯೇ ಉಳಿಯುತ್ತದೆ. ಮಿಯಾಸಿಸ್‌ನಲ್ಲಿ ಜೊತೆಯಿಂದ ಒಂದೊಂದೇ ಆರಿಸಿ 23 ಆಗುತ್ತದೆ.

ನಿಮ್ಮ ಹಾಳೆಯ ಮೊದಲ ಜೊತೆಗೆ ನಾಣ್ಯ ಚಿಮ್ಮಿ. ನೀಲಿಯೋ ಕೆಂಪೋ, ಬಂದದ್ದಕ್ಕೆ ಸುತ್ತು ಹಾಕಿ. ಎರಡನೇ ಜೊತೆಗೆ ಮತ್ತೆ ಚಿಮ್ಮಿ. ಹೀಗೆ 23 ಸಲ. ಈಗ ಸುತ್ತು ಹಾಕಿದ ಗೆರೆಗಳೇ ನೀವು ಮಗುವಿಗೆ ಕೊಡುವ ಪಾಲು. ಇನ್ನೊಂದು ಹಾಳೆಯಲ್ಲಿ ಮತ್ತೆ ಮಾಡಿ ನೋಡಿ, ಬೇರೆಯೇ ಪಾಲು ಬರುತ್ತದೆ. ಒಬ್ಬ ವ್ಯಕ್ತಿಯಿಂದ ಹೀಗೆ 83,88,608 ಬಗೆಯ ಪಾಲು ಸಾಧ್ಯ, 2ನ್ನು 23 ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಇದು ಕಡಿಮೆ ಲೆಕ್ಕ. ಯಾಕೆಂದರೆ ಬೇರೆಯಾಗುವ ಮುಂಚೆ ಜೊತೆಯ ಎರಡು ವರ್ಣತಂತುಗಳು ಅಕ್ಕಪಕ್ಕ ಅಂಟಿಕೊಂಡು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ನೀಲಿ ಗೆರೆಯ ಮಧ್ಯೆ ಕೆಂಪು ತುಂಡು ಸೇರಿಕೊಳ್ಳುತ್ತದೆ. ಒಡಹುಟ್ಟಿದವರು ಒಬ್ಬರ ಹಾಗೆ ಒಬ್ಬರು ಯಾಕಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಈ ಹಾಳೆಯಲ್ಲೇ ಇದೆ.

ಹಂತ 5: ಮೆಂಡಲ್‌ನ ಬಟಾಣಿ ಪ್ರಯೋಗವನ್ನು ನಾಣ್ಯದಲ್ಲಿ ಮಾಡಿ

ಗ್ರೆಗರ್ ಮೆಂಡಲ್ ಈಗಿನ ಜೆಕ್ ಗಣರಾಜ್ಯದ ಬ್ರನೋ ಊರಿನ ಮಠದಲ್ಲಿದ್ದ ಸನ್ಯಾಸಿ. 1856ರಿಂದ ಸುಮಾರು ಎಂಟು ವರ್ಷ ಬಟಾಣಿ ಗಿಡಗಳನ್ನು ಬೆಳೆಸಿ, ಕೈಯಾರೆ ಪರಾಗ ಹಾಯಿಸಿ, ಕಾಳುಗಳನ್ನು ಎಣಿಸಿದ. ನನಗೆ ಅವನಲ್ಲಿ ಇಷ್ಟವಾಗುವುದು ಆ ಎಣಿಕೆಯೇ. ಅಪ್ಪ-ಅಮ್ಮನ ಗುಣ ಹಾಲು-ನೀರಿನ ಹಾಗೆ ಬೆರೆತುಹೋಗುತ್ತೆ ಅಂತ ನಂಬಿದ್ದ ಕಾಲದಲ್ಲಿ ಅವನು ಕೂತು ಲೆಕ್ಕ ಬರೆದ.

ದುಂಡು ಕಾಳಿನ ಗಿಡವನ್ನು ಸುಕ್ಕು ಕಾಳಿನ ಗಿಡದೊಂದಿಗೆ ಸೇರಿಸಿದಾಗ ಬಂದ ಕಾಳೆಲ್ಲ ದುಂಡು. ಸುಕ್ಕು ಮಾಯ! ಆದರೆ ಆ ದುಂಡು ಕಾಳುಗಳನ್ನು ಬಿತ್ತಿ, ತಮ್ಮಲ್ಲೇ ಪರಾಗಸ್ಪರ್ಶವಾಗಲು ಬಿಟ್ಟಾಗ 5,474 ದುಂಡು, 1,850 ಸುಕ್ಕು ಬಂದವು. ಸರಿಸುಮಾರು ಮೂರಕ್ಕೆ ಒಂದು. ಬೆರೆತು ಹೋಗಿದ್ದರೆ ಸುಕ್ಕು ಹೀಗೆ ಪೂರ್ತಿಯಾಗಿ ವಾಪಸ್ ಬರುತ್ತಿರಲಿಲ್ಲ. ಅದು ಒಳಗೆ ಅಡಗಿ ಕೂತಿತ್ತು.

ಈಗ ನಿಮ್ಮ ಸರದಿ. ಎರಡೂ ನಾಣ್ಯಗಳ ಒಂದು ಮುಖಕ್ಕೆ 'ದು', ಇನ್ನೊಂದಕ್ಕೆ 'ಸು' ಅಂತ ಬರೆದ ಚೀಟಿ ಅಂಟಿಸಿ. ಒಂದು ನಾಣ್ಯ ತಂದೆ ಗಿಡ, ಇನ್ನೊಂದು ತಾಯಿ ಗಿಡ. ಎರಡನ್ನೂ ಒಟ್ಟಿಗೆ ಚಿಮ್ಮಿ, ಬಂದದ್ದನ್ನು ಬರೆದುಕೊಳ್ಳಿ. 40 ಸಲ ಮಾಡಿ. ಸುಮಾರು 10 ಸಲ 'ದು-ದು', 20 ಸಲ 'ದು-ಸು', 10 ಸಲ 'ಸು-ಸು' ಬರುತ್ತದೆ. ಕರಾರುವಾಕ್ಕಾಗಿ ಬರುವುದಿಲ್ಲ, ಹತ್ತಿರ ಬರುತ್ತದೆ. ಒಂದೇ ಒಂದು 'ದು' ಇದ್ದರೂ ಕಾಳು ದುಂಡು. ಹಾಗಾಗಿ 30 ದುಂಡು, 10 ಸುಕ್ಕು. ಈ ಹಾಳೆಯನ್ನು ಎಸೆಯಬೇಡಿ, ಕೊನೆಯಲ್ಲಿ ಬೇಕು.

ಒಂದೇ ಒಂದು 'ದು' ಹೇಗೆ ಸಾಕಾಗುತ್ತೆ? ಬಹಳ ಪಾಠಗಳು ದುಂಡು ಪ್ರಬಲ, ಸುಕ್ಕು ದುರ್ಬಲ ಅಂದು ಮುಂದೆ ಹೋಗಿಬಿಡುತ್ತವೆ. ಅದರಿಂದ ಒಂದು ಜೀನ್ ಇನ್ನೊಂದನ್ನು ಹೊಡೆದು ಕೂರಿಸುತ್ತದೆ ಅನ್ನುವ ತಪ್ಪು ಚಿತ್ರ ಬರುತ್ತೆ. ನಡೆಯುವುದೇ ಬೇರೆ. 'ದು' ಪ್ರತಿ ಪಿಷ್ಟದ ಸರಪಳಿಗೆ ಕವಲು ಹಚ್ಚುವ ಒಂದು ಕಿಣ್ವವನ್ನು, ಅಂದರೆ ಆ ಕೆಲಸ ನಡೆಸುವ ಪ್ರೋಟೀನನ್ನು, ಮಾಡುತ್ತದೆ. 'ಸು' ಪ್ರತಿಯ ನಡುವೆ ಬೇರೆಲ್ಲಿಂದಲೋ ಬಂದ ಡಿಎನ್‌ಎ ತುಂಡೊಂದು ಹೊಕ್ಕು ಕೂತಿದೆ, ಅದರಿಂದ ಕಿಣ್ವ ಆಗುವುದಿಲ್ಲ. ಎರಡೂ 'ಸು' ಆದರೆ ಕಾಳಿನಲ್ಲಿ ಸಕ್ಕರೆ ಜಾಸ್ತಿ ಉಳಿದು, ಅದು ನೀರು ಎಳೆದುಕೊಂಡು, ಒಣಗುವಾಗ ಕುಗ್ಗಿ ಸುಕ್ಕಾಗುತ್ತದೆ. ಒಂದು 'ದು' ಇದ್ದರೆ ಸಾಕಷ್ಟು ಕಿಣ್ವ ಸಿಗುತ್ತದೆ, ಕಾಳು ದುಂಡಾಗಿರುತ್ತದೆ. ಪ್ರಬಲ ಅಂದರೆ ಒಂದೇ ಪ್ರತಿಯಿದ್ದರೂ ಗುಣ ಹೊರಗೆ ಕಾಣುತ್ತದೆ, ಅಷ್ಟೇ.

ಮೆಂಡಲ್ ಇದನ್ನು 1866ರಲ್ಲಿ ಪ್ರಕಟಿಸಿದ. ಯಾರೂ ಹೆಚ್ಚು ಗಮನ ಕೊಡಲಿಲ್ಲ. 1900ರಲ್ಲಿ ಬೇರೆಯವರು ಇದೇ ಲೆಕ್ಕಕ್ಕೆ ಬಂದು ತಲುಪಿದಾಗ ಅವನ ಬರಹ ಬೆಳಕಿಗೆ ಬಂತು. ಅವನು ತೀರಿಕೊಂಡು ಆಗಲೇ 16 ವರ್ಷವಾಗಿತ್ತು.

ಹಂತ 6: ರಕ್ತದ ಗುಂಪಿನ ಪ್ರಶ್ನೆಗೆ ಚೌಕ ಹಾಕಿ

ರಕ್ತದ ಗುಂಪಿನ ಜೀನ್ 9ನೇ ವರ್ಣತಂತುವಿನ ಮೇಲಿದೆ. ಮೂರು ಬಗೆಯ ಪ್ರತಿಗಳಿವೆ. ಎ ಪ್ರತಿ ಕೆಂಪು ರಕ್ತಕಣದ ಮೇಲೆ ಒಂದು ಬಗೆಯ ಸಕ್ಕರೆಯನ್ನು ಅಂಟಿಸುವ ಕಿಣ್ವ ಮಾಡುತ್ತದೆ. ಬಿ ಪ್ರತಿ ಇನ್ನೊಂದು ಬಗೆಯ ಸಕ್ಕರೆ ಅಂಟಿಸುತ್ತದೆ. ಓ ಪ್ರತಿ ಏನನ್ನೂ ಅಂಟಿಸುವುದಿಲ್ಲ. ಬಹುಪಾಲು ಓ ಪ್ರತಿಗಳಲ್ಲಿ ಒಂದು ಅಕ್ಷರ ಬಿಟ್ಟುಹೋಗಿ ಕಿಣ್ವ ಕೆಟ್ಟಿರುತ್ತದೆ. ಸುಕ್ಕು ಬಟಾಣಿಯ ಕಥೆಯೇ ಇಲ್ಲೂ!

ಈಗ ಹಾಳೆಯಲ್ಲಿ ನಾಲ್ಕು ಮನೆಯ ಚೌಕ ಬರೆಯಿರಿ. ಮೇಲೆ ಅಪ್ಪನ ಎರಡು ಪ್ರತಿ: ಎ, ಓ. ಎಡಗಡೆ ಅಮ್ಮನ ಎರಡು ಪ್ರತಿ: ಎ, ಓ. ಇಬ್ಬರ ರಿಪೋರ್ಟ್‌ನಲ್ಲೂ ಕಾಣುವುದು ಎ ಮಾತ್ರ, ಓ ಒಳಗೆ ಅಡಗಿದೆ. ಮನೆಗಳನ್ನು ತುಂಬಿ: ಎ-ಎ, ಎ-ಓ, ಎ-ಓ, ಓ-ಓ. ನಾಲ್ಕನೇ ಮನೆ ನೋಡಿ. ಅದೇ ಆ ಓ ಗುಂಪಿನ ಮಗು. ನಾಲ್ಕರಲ್ಲಿ ಒಂದು ಸಾಧ್ಯತೆ, ಅಂದರೆ ಶೇ. 25.

ಈ ಶೇ. 25 ಪ್ರತಿ ಮಗುವಿಗೂ ಹೊಸದಾಗಿ ಅನ್ವಯಿಸುತ್ತದೆ. ಮೊದಲ ಮಗು ಓ ಆದರೆ ಮುಂದಿನ ಮೂವರು ಎ ಅಂತ ಲೆಕ್ಕ ಹಾಕಬೇಡಿ. ನಾಣ್ಯಕ್ಕೆ ಹಿಂದಿನ ಸಲ ಏನು ಬಿತ್ತು ಅನ್ನುವ ನೆನಪಿಲ್ಲ.

ಒಬ್ಬರದು ಎ, ಇನ್ನೊಬ್ಬರದು ಬಿ ಇದ್ದಾಗ ಏನಾಗುತ್ತೆ ಅಂತ ನೀವೇ ಚೌಕ ಹಾಕಿ ನೋಡಿ. ಇಬ್ಬರಲ್ಲೂ ಓ ಅಡಗಿದ್ದರೆ ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಹುದು. ಮಗುವಿಗೆ ಎ ಮತ್ತು ಬಿ ಎರಡೂ ಸಿಕ್ಕರೆ ಎರಡೂ ಸಕ್ಕರೆ ಅಂಟುತ್ತವೆ, ಅದೇ ಎಬಿ. ಅಲ್ಲಿ ಪ್ರಬಲ-ದುರ್ಬಲ ಅನ್ನುವ ಮಾತೇ ಇಲ್ಲ. ಇನ್ನೊಂದು ಎಚ್ಚರ: ಲೆಕ್ಕಕ್ಕೆ ಒಗ್ಗದ ರಿಪೋರ್ಟ್ ಬಂದರೂ ತೀರ್ಪು ಕೊಡಲು ಓಡಬೇಡಿ. 1952ರಲ್ಲಿ ಬಾಂಬೆಯಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ಅಪರೂಪದ ಬಾಂಬೆ ಗುಂಪಿನವರಲ್ಲಿ ಸಕ್ಕರೆ ಅಂಟಲು ಬೇಕಾದ ಬುಡವೇ ಇರುವುದಿಲ್ಲ. ಎ ಅಥವಾ ಬಿ ಪ್ರತಿ ಇದ್ದರೂ ಮಾಮೂಲಿ ಪರೀಕ್ಷೆಯಲ್ಲಿ ಓ ಅಂತಲೇ ಕಾಣುತ್ತಾರೆ.

ಹಂತ 7: 23ನೇ ಜೊತೆಯನ್ನು ಬೇರೆಯಾಗಿ ನೋಡಿ

ಈ ಜೊತೆ ಸಾಮಾನ್ಯವಾಗಿ ಹೆಂಗಸರಲ್ಲಿ ಎಕ್ಸ್-ಎಕ್ಸ್, ಗಂಡಸರಲ್ಲಿ ಎಕ್ಸ್-ವೈ. ತಾಯಿಯ ಬಳಿ ಕೊಡಲು ಇರುವುದೇ ಎಕ್ಸ್. ತಂದೆ ಎಕ್ಸ್ ಕೊಟ್ಟರೆ ಹೆಣ್ಣು, ವೈ ಕೊಟ್ಟರೆ ಗಂಡು. ಹೆಣ್ಣುಮಗು ಹುಟ್ಟಿತು ಅಂತ ತಾಯಿಯನ್ನು ದೂರುವವರಿಗೆ ಈ ಚೌಕವನ್ನು ಬರೆದು ತೋರಿಸಿ. ತಂದೆಯನ್ನೂ ದೂರುವ ಹಾಗಿಲ್ಲ, ಅವನ ಕೈಯಲ್ಲೂ ಏನಿಲ್ಲ.

ಎಕ್ಸ್ ಮೇಲೆ ನೂರಾರು ಜೀನ್‌ಗಳಿವೆ, ಬಣ್ಣ ಗುರುತಿಸುವ ಜೀನ್‌ಗಳೂ ಸೇರಿ. ಗಂಡಸಿಗೆ ಒಂದೇ ಎಕ್ಸ್. ಅದರಲ್ಲಿ ದೋಷವಿದ್ದರೆ ಮುಚ್ಚಿಕೊಳ್ಳಲು ಎರಡನೇ ಪ್ರತಿ ಇಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ. 8 ಮಂದಿಗೆ ಕೆಂಪು-ಹಸಿರು ಬಣ್ಣಗುರುಡು ಇದೆ, ಹೆಂಗಸರಲ್ಲಿ ಸುಮಾರು ಶೇ. 0.5 ಮಾತ್ರ. ಈ ಅಂತರವನ್ನು ನೀವೇ ಲೆಕ್ಕ ಹಾಕಬಹುದು: ಹೆಣ್ಣಿಗೆ ಎರಡೂ ಎಕ್ಸ್‌ನಲ್ಲಿ ದೋಷ ಬರಬೇಕು, 0.08ನ್ನು 0.08ರಿಂದ ಗುಣಿಸಿದರೆ 0.0064, ಅಂದರೆ ಶೇ. 0.64. ಹತ್ತಿರ ಹತ್ತಿರ ಬಂತು ನೋಡಿ.

ಹಂತ 8: ಚೌಕ ಎಲ್ಲಿ ನಡೆಯುವುದಿಲ್ಲ ಅಂತ ತಿಳಿದುಕೊಳ್ಳಿ

ಎತ್ತರ, ಮೈಬಣ್ಣ, ತೂಕ, ಬುದ್ಧಿ, ಸಕ್ಕರೆ ಕಾಯಿಲೆ: ಇವುಗಳಿಗೆ ನಾಲ್ಕು ಮನೆಯ ಚೌಕ ಸಾಲದು. ಎತ್ತರ ಒಂದರ ಮೇಲೇ ಸಾವಿರಾರು ಜೀನ್ ವ್ಯತ್ಯಾಸಗಳ ಸಣ್ಣ ಸಣ್ಣ ಪ್ರಭಾವವಿದೆ. ಅದರ ಮೇಲೆ ಆಹಾರ, ಆರೋಗ್ಯ, ಬೆಳೆದ ಪರಿಸರ. ನಾಲಿಗೆ ಮಡಚುವುದು ಒಂದೇ ಜೀನ್‌ನ ಆಟ ಅಂತ ಈಗಲೂ ಎಷ್ಟೋ ಕಡೆ ಹೇಳಿಕೊಡುತ್ತಾರೆ. ಅದು ತಪ್ಪು. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಮಡಚಲು ಬರುತ್ತೆ, ಇನ್ನೊಬ್ಬರಿಗೆ ಬರುವುದಿಲ್ಲ.

ಹಂತ 9: ತಪ್ಪುಗಳನ್ನು ಎರಡು ಬಗೆಯಾಗಿ ವಿಂಗಡಿಸಿ

ಒಂದು, ಅಕ್ಷರದ ತಪ್ಪು. ರಕ್ತದ ಹಿಮೋಗ್ಲೋಬಿನ್ ಜೀನ್‌ನಲ್ಲಿ ಒಂದು ಕಡೆ ಎ ಇರಬೇಕಾದಲ್ಲಿ ಟಿ ಬಂದರೆ ಪ್ರೋಟೀನ್‌ನ ಆರನೇ ಅಮೈನೋ ಆಮ್ಲ ಬದಲಾಗುತ್ತದೆ. ಎರಡೂ ಪ್ರತಿಗಳಲ್ಲಿ ಹೀಗಾದರೆ ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ವಿಪರೀತ ನೋವು ಕೊಡುತ್ತವೆ. ಇದೇ ಸಿಕಲ್ ಸೆಲ್ ಕಾಯಿಲೆ. ಒಂದೇ ಪ್ರತಿಯಲ್ಲಿ ಇದ್ದವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ, ಮೇಲಾಗಿ ತೀವ್ರ ಮಲೇರಿಯಾದಿಂದ ರಕ್ಷಣೆಯೂ ಸಿಗುತ್ತದೆ. ಮಲೇರಿಯಾ ಹೆಚ್ಚಿದ್ದ ಪ್ರದೇಶಗಳಲ್ಲಿ ಈ ಪ್ರತಿ ಉಳಿದುಕೊಂಡಿದ್ದು ಅದಕ್ಕೇ. ಕ್ರಿಸ್ಪರ್ ತಂತ್ರದಿಂದ ಜೀನ್ ತಿದ್ದುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟಿದ್ದು ಮೊದಲು ಈ ಕಾಯಿಲೆಗೇ.

ಎರಡು, ಎಣಿಕೆಯ ತಪ್ಪು. ಮಿಯಾಸಿಸ್‌ನಲ್ಲಿ 21ನೇ ಜೊತೆ ಸರಿಯಾಗಿ ಬೇರೆಯಾಗದೆ ಎರಡೂ ಒಂದೇ ಕಡೆ ಹೋದರೆ, ಮಗುವಿನಲ್ಲಿ 21ನೆಯದು ಮೂರು ಆಗುತ್ತವೆ, ಒಟ್ಟು 47. ಇದು ಡೌನ್ ಸಿಂಡ್ರೋಮ್, ಕಾರಣ ಗೊತ್ತಾಗಿದ್ದು 1959ರಲ್ಲಿ. ಬಹುತೇಕ ಸಲ ಇದು ಆಕಸ್ಮಿಕ, ವಂಶದಲ್ಲಿ ಹರಿದು ಬಂದದ್ದಲ್ಲ. ತಾಯಿಯ ವಯಸ್ಸು ಹೆಚ್ಚಿದಂತೆ ಸಾಧ್ಯತೆ ಹೆಚ್ಚುತ್ತದೆ, ಆದರೆ ಅವರು ತಿಂದದ್ದು, ಮಾಡಿದ್ದು ಯಾವುದೂ ಇದಕ್ಕೆ ಕಾರಣವಲ್ಲ.

ಹಂತ 10: ನಿಮ್ಮ ಕುಟುಂಬದ ನಕ್ಷೆ ಬರೆಯಿರಿ

ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ದಂಪತಿಗಳ ನಡುವೆ ಅಡ್ಡಗೆರೆ, ಅಲ್ಲಿಂದ ಕೆಳಗೆ ಮಕ್ಕಳು, ದೊಡ್ಡವರು ಎಡಕ್ಕೆ. ಕಾಯಿಲೆ ಇದ್ದವರ ಗುರುತನ್ನು ಪೂರ್ತಿ ಕಪ್ಪು ಮಾಡಿ. ಕಡೇಪಕ್ಷ ಮೂರು ತಲೆಮಾರು ಬೇಕು. ಕಾಯಿಲೆ ಶುರುವಾದ ವಯಸ್ಸನ್ನೂ ಪಕ್ಕದಲ್ಲಿ ಬರೆಯಿರಿ.

ಆಮೇಲೆ ಓದಿ. ಪ್ರತಿ ತಲೆಮಾರಿನಲ್ಲೂ ಕಪ್ಪು ಇದೆಯಾ? ಪ್ರಬಲ ಗುಣ ಇರಬಹುದು. ಆರೋಗ್ಯವಾಗಿರುವ ಇಬ್ಬರಿಗೆ ಕಾಯಿಲೆಯ ಮಗುವಾ? ಇಬ್ಬರಲ್ಲೂ ದುರ್ಬಲ ಪ್ರತಿ ಅಡಗಿರಬಹುದು. ಇಬ್ಬರೂ ಹತ್ತಿರದ ರಕ್ತಸಂಬಂಧಿಗಳಾದರೆ ಒಂದೇ ಹಿರಿಯರಿಂದ ಆ ಪ್ರತಿ ಇಬ್ಬರಿಗೂ ಬಂದಿರುವ ಸಾಧ್ಯತೆ ಜಾಸ್ತಿ. ಕಪ್ಪು ಬರೀ ಗಂಡುಮಕ್ಕಳಲ್ಲೇ ಕಂಡು, ತಾಯಿಯ ಕಡೆಯಿಂದ ಬಂದಿದ್ದರೆ ಎಕ್ಸ್ ಅನ್ನು ಅನುಮಾನಿಸಿ. ಈ ನಕ್ಷೆಯಿಂದ ನೀವೇ ರೋಗ ನಿರ್ಧರಿಸಬೇಡಿ. ತಳಿ ಸಲಹೆಗಾರರ ಅಥವಾ ವೈದ್ಯರ ಬಳಿ ತೆಗೆದುಕೊಂಡು ಹೋಗಿ, ಅವರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅದರಲ್ಲೇ ಉತ್ತರವಿರುತ್ತದೆ.

ನಕ್ಷೆ ಬರೆದವರು ಕೇಳುವ ಒಂದು ಪ್ರಶ್ನೆ ಇದೆ. ಅಣ್ಣನಿಗೆ ದುರ್ಬಲ ಪ್ರತಿಯಿಂದ ಬಂದ ಕಾಯಿಲೆ, ಅಪ್ಪ-ಅಮ್ಮ ಆರೋಗ್ಯವಾಗಿದ್ದಾರೆ, ತಂಗಿಯೂ ಆರೋಗ್ಯವಾಗಿದ್ದಾಳೆ. ಅವಳಲ್ಲಿ ಆ ಪ್ರತಿ ಅಡಗಿರುವ ಸಾಧ್ಯತೆ ಎಷ್ಟು? ಅರ್ಧ ಅನ್ನುತ್ತಾರೆ ಹೆಚ್ಚಿನವರು. ಹಂತ 5ರಲ್ಲಿ ಎತ್ತಿಟ್ಟ ನಾಣ್ಯದ ಹಾಳೆ ತೆಗೆಯಿರಿ. ಇಲ್ಲಿ 'ಸು' ಅಂದರೆ ಕಾಯಿಲೆಯ ಪ್ರತಿ ಅಂದುಕೊಳ್ಳಿ; ಅಪ್ಪ-ಅಮ್ಮ ಇಬ್ಬರೂ 'ದು-ಸು'. ತಂಗಿಗೆ ಕಾಯಿಲೆ ಇಲ್ಲ ಅಂತ ಗೊತ್ತಿದೆ, ಹಾಗಾಗಿ 'ಸು-ಸು' ಬಂದ ಹತ್ತನ್ನು ಹೊಡೆದುಹಾಕಿ. ಉಳಿದದ್ದು 30. ಅದರಲ್ಲಿ 'ದು-ಸು' 20. ಅಂದರೆ ಮೂರರಲ್ಲಿ ಎರಡು.